ಹಳೆ ಪಿಟೀಲಿನ ಮೇಲ್ಹಲಗೆ ಬಿಚ್ಚಲು ಬಿಸಿನೀರು ಹಾಕಬಹುದೇ?

ಪ್ರಶ್ನೆ: ಅಜ್ಜನ ಕಾಲದ ಪಿಟೀಲು. ಒಳಗೆ ಬಾಸ್ ಬಾರ್ (ಮೇಲ್ಹಲಗೆಯ ಒಳಬದಿಗೆ ಉದ್ದಕ್ಕೆ ಅಂಟಿಸಿದ ಮರದ ಪಟ್ಟಿ) ಎದ್ದಿದೆ, ಕಮಾನು ಎಳೆದರೆ ಗರಗರ ಸದ್ದು. ಬಿಸಿನೀರು ಬಿಟ್ಟರೆ ಅಂಟು ಕರಗಿ ಮೇಲ್ಹಲಗೆ ತಾನೇ ಬಿಡುತ್ತದೆ ಅಂತಾರೆ. ಸರಿಯೇ?

ಅಂಟು ಕರಗುವುದು ನಿಜ. ಆದರೂ ಮೇಲ್ಹಲಗೆಗೆ ನೀರು ಹಾಕಬೇಡಿ.

ಹಳೆ ಪಿಟೀಲಿಗೆ ಹಾಕಿರುವುದು ಪ್ರಾಣಿಚರ್ಮ ಕುದಿಸಿ ತೆಗೆದ ಅಂಟು. ಒಣಗಿದಾಗ ಅದು ಗಾಜಿನಂತೆ ಪೆಡಸು, ತೆಳು ಚಾಕು ತೂರಿಸಿದರೆ ಮುರಿಯುತ್ತದೆ. ಮೇಲ್ಹಲಗೆಗೆ ಬೇಕೆಂದೇ ಅದನ್ನು ತೆಳುವಾಗಿ ಹಚ್ಚಿರುತ್ತಾರೆ, ಮರ ಕುಗ್ಗಿದಾಗ ಹಲಗೆ ಸೀಳುವ ಬದಲು ಬೆಸುಗೆ ಬಿಡಲಿ ಅಂತ. ನೀರು ತಗುಲಿದರೆ ಅಂಟು ರಬ್ಬರಿನಂತೆ ಜಿಗುಟಾಗುತ್ತದೆ, ಮೇಲ್ಹಲಗೆಯ ಸ್ಪ್ರೂಸ್ ಮರ ಉಬ್ಬುತ್ತದೆ, ವಾರ್ನಿಶ್ ಬಿಳಿಚಿಕೊಳ್ಳುತ್ತದೆ. ಈ ಕೆಲಸಕ್ಕೆ ಮಳೆಗಾಲವೂ ಬೇಡ. ಕರಾವಳಿಯವರಂತೂ ಚಳಿಗಾಲದ ಒಣಹವೆಗೆ ಕಾಯುವುದೇ ಮೇಲು.

ಮೊದಲು ಅಂಟು ಯಾವುದೆಂದು ನೋಡಿ. ಹೊರಗೆ ಒಸರಿ ಒಣಗಿದ ಹನಿಯ ಮೇಲೆ ಒದ್ದೆ ಹತ್ತಿಕಡ್ಡಿ ಇಡಿ. ಕೆಲವು ನಿಮಿಷದಲ್ಲಿ ಕಂದು ಅಂಟಂಟಾದರೆ ಚರ್ಮದ ಅಂಟು. ಬೆಳ್ಳಗಾದರೆ ಯಾರೋ ಫೆವಿಕಾಲ್ ಹಾಕಿದ್ದಾರೆ. ಏನೂ ಆಗದಿದ್ದರೆ ಎಪಾಕ್ಸಿ ಇರಬಹುದು. ಈ ಎರಡರಲ್ಲಿ ಯಾವುದಾದರೂ ಸರಿ, ಕೈ ಹಾಕದೆ ಅನುಭವಿ ರಿಪೇರಿಯವರಿಗೆ ಕೊಡಿ.

ತಂತಿಗಳನ್ನು ಒಂದೊಂದಾಗಿ ಸಡಿಲಿಸಿ, ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು), ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ತುಂಡು) ತೆಗೆಯಿರಿ. ಹಳೆಯ ಊಟದ ಚಾಕುವೊಂದನ್ನು ಅರ್ಧ ಮಿ.ಮೀ. ದಪ್ಪಕ್ಕೆ ಮಸೆದು, ಅಂಚನ್ನು ಮೊಂಡಾಗಿಸಿ ನುಣುಪು ಮಾಡಿ. ಹರಿತವಿದ್ದರೆ ಅದು ಅಂಟು ಬಿಟ್ಟು ಮರದೊಳಗೆ ದಾರಿ ಮಾಡಿಕೊಳ್ಳುತ್ತದೆ. ಬೆರಳ ಗೆಣ್ಣಿನಿಂದ ಅಂಚಿನುದ್ದಕ್ಕೂ ತಟ್ಟಿ, ಸದ್ದು ಒಡಕಾಗಿ ಕೇಳುವ ಕಡೆ ಬೆಸುಗೆ ಆಗಲೇ ಬಿಟ್ಟಿರುತ್ತದೆ. ಕೆಳಗಿನ ಅಗಲ ಭಾಗದಲ್ಲಿ ಅಂಥ ಜಾಗ ಸಿಕ್ಕರೆ ಅಲ್ಲಿಂದಲೇ ಶುರು ಮಾಡಿ.

ಚಾಕುವನ್ನು ಮಟ್ಟಸವಾಗಿ ಹಿಡಿದು ಹಲಗೆಯ ಹೊರಅಂಚಿನಿಂದ ಸುಮಾರು 6 ಮಿ.ಮೀ. ಒಳಕ್ಕೆ ತಳ್ಳಿ. ಪಕ್ಕದ ಪಟ್ಟಿ, ಅದರ ಒಳಪಟ್ಟಿ ಸೇರಿ ಬೆಸುಗೆ ಇರುವುದು ಅಷ್ಟರೊಳಗೇ. ಕಿವಿಗೊಡಿ: ‘ಟಿಕ್’ ಎಂದರೆ ಅಂಟು ಮುರಿಯಿತು, ‘ಚರ್’ ಎಂದರೆ ಮರ ಸೀಳುತ್ತಿದೆ. ಸೀಳುವ ಸದ್ದು ಬಂದರೆ ತಕ್ಷಣ ನಿಲ್ಲಿಸಿ, ಚಾಕು ಹೊರತೆಗೆದು ಎದುರು ದಿಕ್ಕಿನಿಂದ ಬನ್ನಿ. ಮರದ ಎಳೆಗಳು ಹಲಗೆಯೊಳಗೆ ಓರೆಯಾಗಿ ಇಳಿದಿದ್ದರೆ ಒಂದು ದಿಕ್ಕಿನಲ್ಲಿ ಚಾಕು ಅವುಗಳ ಹಿಂದೆಯೇ ಮರದೊಳಗೆ ಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಹೋಗುವುದಿಲ್ಲ.

ಕಷ್ಟವಿರುವುದು ಮೂಲೆಗಳಲ್ಲಿ, ಮೇಲೂ ಕೆಳಗೂ ಒಳಗಡೆ ಇರುವ ಮರದ ಗಟ್ಟಿಗಳಲ್ಲಿ. ಅವುಗಳ ತುದಿಯೆಳೆ (ಅಡ್ಡ ಕತ್ತರಿಸಿದ ಕಡೆ ಕಾಣುವ ಎಳೆಯ ತುದಿ) ಅಂಟನ್ನು ಕುಡಿದು ಬಿಗಿ ಹಿಡಿದಿರುತ್ತದೆ. ಅವನ್ನು ಕೊನೆಗೆ ಉಳಿಸಿಕೊಂಡು ಎರಡೂ ಬದಿಯಿಂದ ನಡುವಿಗೆ ಬನ್ನಿ. ಕೆಳಅಂಚಿನ ಕರಿಮರದ ಸ್ಯಾಡಲ್ (ಟೇಲ್‌ಪೀಸ್ ಕಟ್ಟಿದ ದಾರ ಹಾಯುವ ಪುಟ್ಟ ತುಂಡು) ಮೊದಲೇ ತೆಗೆದಿರಬೇಕು. ಗಟ್ಟಿಗಳ ಬೆಸುಗೆ ಬಿಡದಿದ್ದರೆ ಚಾಕುವಿನ ತುದಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ. ಅದು ಅಂಟಿನ ತೇವ ಹೀರಿ ಇನ್ನಷ್ಟು ಪೆಡಸು ಮಾಡುತ್ತದೆ. ಆದರೆ ಫ್ರೆಂಚ್ ಪಾಲಿಶ್ ಆದ ವಾದ್ಯವಾದರೆ ಎಚ್ಚರ: ಅರಗಿನ ಪಾಲಿಶ್ ಸ್ಪಿರಿಟ್‌ನಲ್ಲೇ ಕರಗುವಂಥದ್ದು, ಹನಿ ಹೊರಗೆ ಹರಿದರೆ ಕಲೆ ಖಚಿತ.

ಬಿಸಿ ಒದ್ದೆಬಟ್ಟೆಗೆ ಕೆಲಸ ಹಲಗೆ ಬಿಚ್ಚಿದ ಮೇಲೆ. ಉಳಿದ ಅಂಟನ್ನು ಅದರಿಂದ ಒರೆಸಿ, ಒಂದು ದಿನ ಒಣಗಲು ಬಿಡಿ. ಗಟ್ಟಿಗೆ ಅಂಟಿ ಉಳಿದ ಸ್ಪ್ರೂಸ್ ಸಿಬಿರುಗಳನ್ನು ಮಾತ್ರ ಕೆರೆದು ಎಸೆಯಬೇಡಿ; ಬಿಡಿಸಿ ಹಲಗೆಯಲ್ಲಿ ಅವು ಎದ್ದ ಜಾಗಕ್ಕೇ ಅಂಟಿಸಿ.