ಲೇಸರ್ ಪ್ಲಾಸ್ಮಾದ ಕ್ಷ-ಕಿರಣ ಎಷ್ಟು? ದಾವಣಗೆರೆಯ ಎಂ.ಎಸ್ಸಿ. ಗೆಳೆಯರಿಗೆ ಒಂದು ಟಿಪ್ಪಣಿ

ನ್ಯಾನೊಸೆಕೆಂಡ್ ಲೇಸರ್ ಪಲ್ಸ್ ಒಂದನ್ನು ಚಿನ್ನದ ಹಾಳೆಯ ಮೇಲೆ ಕೂದಲಿನಷ್ಟು ಜಾಗಕ್ಕೆ ಒಟ್ಟುಗೂಡಿಸಿದರೆ ಅಲ್ಲಿನ ಲೋಹ ಪ್ಲಾಸ್ಮಾ (ಎಲೆಕ್ಟ್ರಾನ್ ಕಳಚಿಕೊಂಡ ಬಿಸಿ ಅನಿಲ) ಆಗಿ ಕ್ಷ-ಕಿರಣ ಸೂಸುತ್ತದೆ. ಬ್ರೆಮ್ಸ್‌ಸ್ಟ್ರಾಲುಂಗ್, ಮರುಸಂಯೋಜನೆ, ಗೆರೆ ರೋಹಿತ ಎಂಬ ಈ ಕಿರಣದ ಮೂರು ಮೂಲಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ, ಅದನ್ನು ಇಲ್ಲಿ ಬಿಡೋಣ. ಒಟ್ಟು ಎಷ್ಟು ಜೂಲ್ ಹೊರಬಂತು ಎಂದು ಕೇಳಿದಾಗಲೇ ತಡವರಿಸುವುದು.

ಅಂಥ ಲೇಸರ್ ನೋಡಬೇಕಾದರೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೋ ಇಂದೋರಿನ ರಾಜಾ ರಾಮಣ್ಣ ಕೇಂದ್ರಕ್ಕೋ ಹೋಗಬೇಕು (ರಾಮಣ್ಣನವರು ಹುಟ್ಟಿದ್ದು ನಮ್ಮ ತಿಪಟೂರಿನಲ್ಲಿ). ಲೆಕ್ಕಕ್ಕಾದರೆ ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್ಸಿನಲ್ಲಿ ಕೂತು ಕ್ಯಾಲ್ಕುಲೇಟರ್ ಒತ್ತಿದರೂ ಸಾಕು.

ಟಾರ್ಗೆಟ್ಟಿನಿಂದ (ಅದೇ ಚಿನ್ನದ ಹಾಳೆ) 50 ಸೆಂ.ಮೀ. ದೂರದಲ್ಲಿ, ಹಾಳೆಗೆ ನೇರ ಎದುರಾಗಿ, 1 ಚದರ ಮಿ.ಮೀ. ಸಿಲಿಕಾನ್ ಫೋಟೊಡಯೋಡ್ (ಬಿದ್ದ ಕಿರಣವನ್ನು ವಿದ್ಯುತ್ತಾಗಿಸುವ ಸಾಧನ) ಇದೆ ಎನ್ನಿ. ಅದಕ್ಕೆ 1 ನ್ಯಾನೊಜೂಲ್ ಕ್ಷ-ಕಿರಣ ಬಿತ್ತು. ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನ್-ರಂಧ್ರ ಜೋಡಿಗೆ ಸುಮಾರು 3.65 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅತಿ ಸಣ್ಣ ಏಕಮಾನ) ಬೇಕು. ಹಾಗಾಗಿ ಸಿಗುವ ವಿದ್ಯುದಂಶ 0.27 ನ್ಯಾನೊಕೂಲಂಬ್. ಆಸಿಲ್ಲೋಸ್ಕೋಪಿನ 50 ಓಮ್ ಮೇಲೆ ಇದು ವೋಲ್ಟೇಜ್ ಪಲ್ಸ್ ಆಗಿ ಕಾಣುತ್ತದೆ. ಪಲ್ಸಿನ ಎತ್ತರವನ್ನಲ್ಲ, ಅದರ ಕೆಳಗಿನ ವಿಸ್ತೀರ್ಣವನ್ನು ಅಳೆಯಬೇಕು: ಸುಮಾರು 14 ನ್ಯಾನೊವೋಲ್ಟ್-ಸೆಕೆಂಡ್. ಡಯೋಡ್ ನಿಧಾನವಾದಷ್ಟೂ ಎತ್ತರ ತಗ್ಗುತ್ತದೆ, ವಿಸ್ತೀರ್ಣ ಹಾಗೇ ಉಳಿಯುತ್ತದೆ.

ಇನ್ನು ಘನಕೋನ, ಅಂದರೆ ಟಾರ್ಗೆಟ್ಟಿನಿಂದ ನೋಡಿದರೆ ಡಯೋಡ್ ಎಷ್ಟು ಅಗಲ ಆವರಿಸಿದೆ ಎಂಬ ಅಳತೆ. ವಿಸ್ತೀರ್ಣವನ್ನು ದೂರದ ವರ್ಗದಿಂದ ಭಾಗಿಸಿದರೆ 4×10⁻⁶ ಸ್ಟೆರೇಡಿಯನ್ (ಘನಕೋನದ ಏಕಮಾನ). ಅಂದರೆ ಪ್ರತಿ ಸ್ಟೆರೇಡಿಯನ್ನಿಗೆ 0.25 ಮಿಲಿಜೂಲ್. ಎಲ್ಲ ದಿಕ್ಕಿಗೂ ಸಮನಾಗಿ ಸೂಸುತ್ತಿದೆ ಎಂದು ಪೂರ್ತಿ ಗೋಳದ ಘನಕೋನವಾದ 4π ಇಂದ ಗುಣಿಸಿದರೆ 3.14 ಮಿಲಿಜೂಲ್. ಆದರೆ ದಪ್ಪ ಹಾಳೆಯ ಹಿಂಬದಿಗೆ ಮೆದು (ಕಡಿಮೆ ಶಕ್ತಿಯ) ಕ್ಷ-ಕಿರಣ ದಾಟುವುದೇ ಇಲ್ಲ. ಪ್ಲಾಸ್ಮಾ ತನ್ನ ಕಿರಣವನ್ನು ತಾನೇ ಹೀರುವಷ್ಟು ದಟ್ಟವಾಗಿದ್ದರೆ ಮುಂಬದಿಯಲ್ಲೂ ಕೊಸೈನ್ ನಿಯಮದಂತೆ ಓರೆಯಾದಷ್ಟೂ ಕಡಿಮೆ. ಆಗ ಗುಣಿಸಬೇಕಾದದ್ದು π ಇಂದ ಮಾತ್ರ, ಉತ್ತರ 0.79 ಮಿಲಿಜೂಲ್. ಅದೇ ಓದು (ಅಳತೆಯ ಸಂಖ್ಯೆ), ಅದೇ ಡಯೋಡ್, ಉತ್ತರದಲ್ಲಿ ನಾಲ್ಕು ಪಟ್ಟು ಅಂತರ! ಯಾವುದು ಸರಿ ಎಂದು ಊಹಿಸುವ ಬದಲು 60 ಡಿಗ್ರಿ ಓರೆಯಲ್ಲಿ, ಅಷ್ಟೇ ದೂರದಲ್ಲಿ, ಇನ್ನೊಂದು ಡಯೋಡ್ ಇಡಬೇಕು. ಓದು ಅರ್ಧಕ್ಕಿಳಿದರೆ ಕೊಸೈನ್ ನಿಯಮ, ಇಳಿಯದಿದ್ದರೆ ಸಮ ಹಂಚಿಕೆ. ನಿಜ ಫಲಿತಾಂಶ ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಆದ್ದರಿಂದ ಒಂದೇ ಕೋನದಲ್ಲಿ ಅಳೆದು ಒಟ್ಟು ಜೂಲ್ ಹೇಳುವ ಲೇಖನ ಓದುವಾಗ ನಾನಂತೂ ಮೊದಲು ಅವರು ಗುಣಿಸಿದ್ದು ಏತರಿಂದ ಎಂದು ಹುಡುಕುತ್ತೇನೆ.

ಡಯೋಡಿನ ಮುಂದೆ ಫಿಲ್ಟರ್ ಕಡ್ಡಾಯ, ಇಲ್ಲದಿದ್ದರೆ ಚೆದುರಿದ ಲೇಸರ್ ಬೆಳಕನ್ನೇ ಅಳೆದಂತಾಗುತ್ತದೆ. 25 ಮೈಕ್ರಾನ್ ಬೆರಿಲಿಯಂ ಹಾಳೆ ಆ ಬೆಳಕನ್ನು ತಡೆಯುತ್ತದೆ, ಜೊತೆಗೆ 1 ಕೆಇವಿಗಿಂತ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಕೆಳಗಿನ ಕ್ಷ-ಕಿರಣವನ್ನೂ ಬಹುಪಾಲು ನುಂಗುತ್ತದೆ. ನುಂಗಿದ ಪಾಲನ್ನು ಲೆಕ್ಕಕ್ಕೆ ಮರಳಿ ಸೇರಿಸಬೇಕು. ಸೇರಿಸಲು ರೋಹಿತ (ಯಾವ ಶಕ್ತಿಯ ಕಿರಣ ಎಷ್ಟಿದೆ ಎಂಬುದು) ಗೊತ್ತಿರಬೇಕು.

ರೋಹಿತದ ಒಂದು ತುಣುಕನ್ನಷ್ಟೇ ಹಿಡಿಯಲು ರಾಸ್ ಫಿಲ್ಟರ್ ಜೋಡಿ ಬಳಸುತ್ತಾರೆ. ಎಪಿಎಂಸಿಯಲ್ಲಿ ಮೆಕ್ಕೆಜೋಳ ಜರಡಿ ಹಿಡಿಯುವುದನ್ನು ನೋಡಿದ್ದೀರಲ್ಲ? ದೊಡ್ಡ ಕಣ್ಣಿನ ಜರಡಿಯಲ್ಲಿ ಇಳಿದದ್ದರಿಂದ ಸಣ್ಣ ಕಣ್ಣಿನದರಲ್ಲಿ ಇಳಿದದ್ದನ್ನು ಕಳೆದರೆ ನಡುವಿನ ಗಾತ್ರದ ಕಾಳು ಎಷ್ಟೆಂದು ಸಿಗುತ್ತದೆ. ಹಾಗೆಯೇ ಕೋಬಾಲ್ಟಿನ ಕೆ-ಅಂಚು (ಹೀರುವಿಕೆ ಒಮ್ಮೆಲೇ ಏರುವ ಶಕ್ತಿ) 7.71 ಕೆಇವಿ, ನಿಕ್ಕಲಿನದು 8.33. ದಪ್ಪ ಹೊಂದಿಸಿದ ಈ ಎರಡು ಹಾಳೆಗಳು ಉಳಿದೆಡೆ ಹೆಚ್ಚುಕಡಿಮೆ ಒಂದೇ ಪ್ರಮಾಣ ಬಿಡುತ್ತವೆ, ಈ ಅಂಚುಗಳ ನಡುವೆ ಮಾತ್ರ ನಿಕ್ಕಲ್ ಹೆಚ್ಚು ಬಿಡುತ್ತದೆ. ತಾಮ್ರ ಸೂಸುವ ಕೆ-ಆಲ್ಫಾ ಎಂಬ ಕ್ಷ-ಕಿರಣ ಗೆರೆ 8.05 ಕೆಇವಿ, ಸರಿಯಾಗಿ ಆ ಸಂದಿಯಲ್ಲೇ ಕೂರುತ್ತದೆ. ಒಂದೇ ತೊಡಕು, ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸ ಸಣ್ಣದಾದಾಗ ಗದ್ದಲವೇ (ಅಳತೆಯ ಏರಿಳಿತವೇ) ಮೇಲುಗೈ ಆಗುತ್ತದೆ. ಪ್ರತಿ ಹೊಡೆತವೂ ಬೇರೆಯಾಗಿರುವುದರಿಂದ ಎರಡು ಫಿಲ್ಟರುಗಳ ಹಿಂದಿನ ಎರಡೂ ಡಯೋಡ್ ಒಂದೇ ಹೊಡೆತವನ್ನು ನೋಡಬೇಕು.

ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳು ಒಂದು ಪುಟ್ಟ ಲೋಹದ ಉರುಳೆಯೊಳಗೆ ನುಗ್ಗಿ ಅದನ್ನು ಕ್ಷ-ಕಿರಣದ ಕುಲುಮೆ ಮಾಡುತ್ತವೆ. ಅಲ್ಲಿನ ‘ಡಾಂಟೆ’ ಉಪಕರಣದಲ್ಲಿ ಬೇರೆ ಬೇರೆ ಫಿಲ್ಟರಿನ 18 ಚಾನೆಲ್‌ಗಳಿವೆ. ಅವುಗಳ ಓದಿನಿಂದ ರೋಹಿತ ಕಟ್ಟಿ, ಅಭಿವಾಹ (ಹರಿದುಬರುವ ವಿಕಿರಣದ ಪ್ರಮಾಣ) ಉಷ್ಣತೆಯ ನಾಲ್ಕನೆಯ ಘಾತ T⁴ಗೆ ಅನುಪಾತದಲ್ಲಿದೆ ಎಂಬ ನಿಯಮದಿಂದ ಉಷ್ಣತೆ ಪಡೆಯುತ್ತಾರೆ. ಅದು ಸುಮಾರು 300 ಎಲೆಕ್ಟ್ರಾನ್ ವೋಲ್ಟ್, ಅಂದರೆ 35 ಲಕ್ಷ ಕೆಲ್ವಿನ್. ನಾಲ್ಕನೆಯ ಘಾತದ ದಯೆಯಿಂದ ಅಭಿವಾಹದಲ್ಲಿ ಶೇ 20 ದೋಷವಿದ್ದರೂ ಉಷ್ಣತೆಯಲ್ಲಿ ಶೇ 5ರಷ್ಟೇ. ಎಷ್ಟು ಲೇಸರ್ ಶಕ್ತಿ ಕ್ಷ-ಕಿರಣವಾಯಿತು ಎಂಬ ಲೆಕ್ಕಕ್ಕೆ ಈ ರಿಯಾಯಿತಿ ಇಲ್ಲ, ಅಲ್ಲಿ ಆ ಶೇ 20 ಪೂರ್ತಿ ಉಳಿಯುತ್ತದೆ.