ತಾಯತಕ್ಕೆ ಬಗ್ಗದ ಗೇಮು

ಹೋದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಓಣಿಯ ಹತ್ತನೇ ಕ್ಲಾಸಿನ ಹುಡುಗನ ಮಣಿಕಟ್ಟಿಗೆ ತಾಯತ ಬಂತು. ರಾತ್ರಿ ಎರಡರ ತನಕ ಚಾದರದೊಳಗೆ ಮೊಬೈಲ್ ಗೇಮ್, ಬೆಳಗ್ಗೆ ಎಬ್ಬಿಸಿದರೆ ಸಿಟ್ಟು. 'ಗಾಳಿ ಸೋಕೇದ' ಅಂದರು ಅಜ್ಜಿ. ಮರುದಿನವೂ ಆಡುತ್ತಲೇ ಕೂತಿದ್ದ. ಹೆಬ್ಬೆರಳು ಸರಿದಾಗಲೆಲ್ಲ ತಾಯತದ ಕರಿ ದಾರ ಕುಣಿಯುತ್ತಿತ್ತು.

ಗಾಳಿ ಅಲ್ಲ, ಲೆಕ್ಕ. ಶರಣಬಸವೇಶ್ವರ ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿ ನೋಡಿದ್ದೀರಲ್ವಾ? ಪ್ರತಿ ಸಲ ಸೋಪು ಸಿಕ್ಕರೆ ನಾಲ್ಕು ಸೋಪಿಗೆ ಬೇಜಾರು. ಒಂದೂ ಸಿಗದಿದ್ದರೂ ಎದ್ದು ಹೋಗ್ತೀವಿ. ಯಾವಾಗಲೋ ಒಮ್ಮೆ ಸಿಕ್ಕರೆ ಮಾತ್ರ ಜೇಬು ಖಾಲಿಯಾಗುವ ತನಕ ಕಾಲು ಕೀಳೋದಿಲ್ಲ. ಗಾಳ ಹಾಕಿ ಕೂತವನದ್ದೂ ಇದೇ ಕಥೆ. ಒಂದು ವರ್ಷ ಒಳ್ಳೆ ರೇಟು ಕಂಡ ಮೇಲೆ ನಾಲ್ಕು ವರ್ಷ ತೊಗರಿಯನ್ನೇ ಬಿತ್ತುವವನದ್ದೂ ಇದೇ. (ರೈತನಿಗೆ ಇದು ಅನ್ಯಾಯದ ಹೋಲಿಕೆ, ಅವನಿಗೆ ಬೇರೆ ದಾರಿ ಎಲ್ಲಿದೆ?)

ಇದನ್ನು ಲ್ಯಾಬಿನಲ್ಲಿ ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್. ಸನ್ನೆಕೋಲು ಒತ್ತಿದ ಇಲಿಗೆ ಕಾಳಿನಷ್ಟು ಆಹಾರದ ಗುಳಿಗೆ. ಆ ಗುಳಿಗೆಗಳನ್ನು ಅವರೇ ತಯಾರಿಸಬೇಕಿತ್ತು. ಒಂದು ಶನಿವಾರ ನೋಡಿದರೆ ದಾಸ್ತಾನು ಕಮ್ಮಿ. ಮಧ್ಯಾಹ್ನವೆಲ್ಲ ಗುಳಿಗೆ ಮಾಡುತ್ತಾ ಕೂರಲು ಮನಸ್ಸಿಲ್ಲ. ಸರಿ, ಪ್ರತಿ ಒತ್ತಿಗೂ ಬೇಡ, ನಿಮಿಷಕ್ಕೊಂದೇ ಕೊಡೋಣ ಅಂದುಕೊಂಡರು. ಇಲಿ ಒತ್ತುವುದನ್ನು ಬಿಡಲಿಲ್ಲ! ಆಮೇಲೆ ಲೆಕ್ಕವನ್ನೇ ಏರುಪೇರು ಮಾಡಿ ನೋಡಿದರು. ಯಾವ ಒತ್ತಿಗೆ ಸಿಗುತ್ತೆ ಅಂತ ಗೊತ್ತಾಗದಿದ್ದಾಗಲೇ ಬಿಡದೆ ಒತ್ತುವುದು ಜಾಸ್ತಿ. 1957ರಲ್ಲಿ ಸಹೋದ್ಯೋಗಿ ಫರ್ಸ್ಟರ್ ಜೊತೆ ಸೇರಿ ಇದನ್ನೆಲ್ಲ ದಪ್ಪ ಪುಸ್ತಕವನ್ನೇ ಮಾಡಿದರು. ಗೇಮಿನ ಲೂಟ್ ಬಾಕ್ಸ್, ಅಂದರೆ ಒಳಗೇನಿದೆ ಅಂತ ತೆರೆದ ಮೇಲಷ್ಟೇ ಗೊತ್ತಾಗುವ ಬಹುಮಾನದ ಪೆಟ್ಟಿಗೆ, ಅದೇ ಸನ್ನೆಕೋಲು, ಬಣ್ಣ ಬಳಿದದ್ದು.

ಹಾಗಾದರೆ ಆಡುವವರೆಲ್ಲ ಯಾಕೆ ಸಿಕ್ಕಿಬೀಳೋದಿಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗೇಮಿಂಗ್ ಚಟ 2022ರಿಂದ ಕಾಯಿಲೆಯಾಗಿ ಜಾರಿಯಲ್ಲಿದೆ, ನಿಜ. ಆದರೆ ಕಾಯಿಲೆ ಅನ್ನಬೇಕಾದರೆ ಹಿಡಿತ ತಪ್ಪಿರಬೇಕು, ಓದು-ಊಟ-ಗೆಳೆತನ ಕೆಟ್ಟಿರಬೇಕು, ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದಿರಬೇಕು. ರಜೆಯಲ್ಲಿ ನಾಲ್ಕು ದಿನ ಆಡಿದ್ದಕ್ಕೆ ಯಾರೂ ಸುಮ್ನೆ ಆ ಹೆಸರು ಇಡೋದಿಲ್ಲ. ದುಡುಕು ಸ್ವಭಾವದ, ಬೇಗ ಕಳವಳಪಡುವ, ಹಿಡಿದ ಕೆಲಸ ಮುಗಿಸಲು ಒದ್ದಾಡುವ ಮಕ್ಕಳಲ್ಲಿ ಅಪಾಯ ಜಾಸ್ತಿ ಅಂತ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಒಬ್ಬರಿಂದೊಬ್ಬರಿಗೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳಿಂದ ಬರುವಂಥದ್ದು.

ಇನ್ನು ಮನೆ. ಪ್ರೀತಿಯೂ ಇದ್ದು ನಿಯಮವೂ ಇರುವ ಮನೆಗೆ 1960ರ ದಶಕದಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ ಒಳ್ಳೆ ಅಂಕ ಕೊಟ್ಟಿದ್ದರು. ಬೈಗುಳದ ಮನೆಯಲ್ಲಿ ಗೇಮ್ ಹುಚ್ಚು ಜಾಸ್ತಿ ಕಾಣುತ್ತೆ. ಬೈದದ್ದಕ್ಕೆ ಆಡ್ತಾನೋ, ಆಡಿದ್ದಕ್ಕೆ ಬೈತಾರೋ? ಬಹುಶಃ ಎರಡೂ.

ನನ್ನನ್ನು ಕಾಡುವುದು ಬೇರೆ. ಆ ಹುಡುಗನ ಮನೆಗೆ ಹೋದಾಗ ಅಪ್ಪ ಮೊಬೈಲ್ ಕಿತ್ತು ಜೋಳದ ಡಬ್ಬಿ ಮೇಲಿಟ್ಟರು. 'ಐದೇ ನಿಮಿಷ ಪಪ್ಪಾ' ಅಂದ. ಇಲ್ಲ. ಮತ್ತೆ ಕೇಳಿದ. ಇಲ್ಲ. ಎಂಟನೇ ಸಲವೋ ಒಂಬತ್ತನೇ ಸಲವೋ, ರೊಟ್ಟಿ ಬಡಿಯುತ್ತಿದ್ದ ಅಮ್ಮನಿಗೆ ತಲೆ ಕೆಟ್ಟಿತು. 'ಕೊಟ್ಟ್ ಬಿಡ್ರಿ ಅತ್ಲಾಗ' ಅಂದರು. ಅಪ್ಪ ಕೊಟ್ಟರು.

ನಿನ್ನೆ ಎಷ್ಟನೇ ಸಲಕ್ಕೆ ಸಿಕ್ಕಿತ್ತು ಅಂತ ಹುಡುಗನನ್ನೇ ಕೇಳಿದೆ. 'ಅದು ಹೇಳಾಕ ಬರಂಗಿಲ್ಲ ಅಂಕಲ್' ಅಂದ, ತಲೆ ಎತ್ತದೆ.