ನೆಫ್ರಾಲಜಿಸ್ಟ್: ಮೂತ್ರಕೋಶ ತಜ್ಞರಲ್ಲ, ದಯವಿಟ್ಟು

ಹೋದ ವಾರ ಬೆಳಗಿನ ಪೇಪರ್ ಒಳಗಿಂದ ಒಂದು ಕರಪತ್ರ ಜಾರಿ ಬಿತ್ತು. ಶಿವಮೊಗ್ಗದಲ್ಲಿ ಉಚಿತ ತಪಾಸಣೆ ಶಿಬಿರ. 'ಮೂತ್ರಕೋಶ ತಜ್ಞರಾದ ನೆಫ್ರಾಲಜಿಸ್ಟ್ ಅವರಿಂದ ಕಿಡ್ನಿ ಕಲ್ಲು, ಪ್ರಾಸ್ಟೇಟ್ ಮತ್ತು ಡಯಾಲಿಸಿಸ್ ಸಲಹೆ' ಎಂದು ಅದರಲ್ಲಿತ್ತು. ನೆಫ್ರಾಲಜಿಸ್ಟ್ ಅಂದರೆ ಕಿಡ್ನಿ ಕಾಯಿಲೆಯ ಫಿಸಿಷಿಯನ್, ಸರ್ಜನ್ ಅಲ್ಲ. ಒಂದು ಸಾಲಿನಲ್ಲಿ ಎರಡೂವರೆ ತಪ್ಪು. ಆ ಅರ್ಧ ತಪ್ಪು ಯಾವುದು ಅಂತ ಮುಂದೆ ಹೇಳುತ್ತೇನೆ. ಈ ತಿಂಗಳಲ್ಲಿ ನಾನು ಇಂಥದ್ದನ್ನು ನೋಡಿದ್ದು ಇದು ಮೂರನೇ ಸಲ. ಇನ್ನು ಸುಮ್ಮನಿರಲು ಆಗುವುದಿಲ್ಲ.

ಮೊದಲು 'ಮೂತ್ರಕೋಶ'ದ ವಿಚಾರ ಮುಗಿಸೋಣ. ಕೋಶ ಅಂದರೆ ತುಂಬಿಡುವ ಜಾಗ. ಹಣ ತುಂಬಿಟ್ಟರೆ ಧನಕೋಶ, ಪದ ತುಂಬಿಟ್ಟರೆ ಪದಕೋಶ. ಮೂತ್ರ ತುಂಬಿಕೊಳ್ಳುವ ಚೀಲ ಮೂತ್ರಕೋಶ. ಅದು ಕಿಬ್ಬೊಟ್ಟೆಯಲ್ಲಿ ಇರುತ್ತದೆ, ಒಂದೇ ಒಂದು. ಕಿಡ್ನಿ ಇರುವುದು ಹಿಂದೆ, ಬೆನ್ನಿನ ಕಡೆ, ಎರಡು. ಅದಕ್ಕೆ ಕನ್ನಡದಲ್ಲಿ ಮೂತ್ರಪಿಂಡ ಅಂತ ಚೊಕ್ಕವಾದ ಹೆಸರಿದೆ. ಶಾಲೆಯ ಪಾಠದಲ್ಲಿ ಮೂತ್ರಜನಕಾಂಗ ಅಂತಲೂ ಓದಿದ್ದೇವೆ. ಪಕ್ಕದಲ್ಲೇ ಇನ್ನೊಂದು ಜೋಡಿ ಇದೆ ನೋಡಿ: ಪಿತ್ತಜನಕಾಂಗ, ಪಿತ್ತಕೋಶ. ಪಿತ್ತ ತಯಾರಿಸುವುದು ಒಂದು, ಕೂಡಿಡುವುದು ಇನ್ನೊಂದು. ಲಿವರ್ ಕೆಟ್ಟವರನ್ನು ಯಾರೂ ಪಿತ್ತಕೋಶದ ರೋಗಿ ಅನ್ನುವುದಿಲ್ಲ. ಹಾಗಿದ್ದ ಮೇಲೆ ಕಿಡ್ನಿ ಕೆಟ್ಟಾಗ ಮಾತ್ರ 'ಮೂತ್ರಕೋಶ ವೈಫಲ್ಯ' ಅಂತ ತಲೆಬರಹ ಯಾಕೆ ಬರುತ್ತದೆ? ಅಡಿಕೆ ಸುಲಿಯುವ ಮನೆಯನ್ನೂ ಅಡಿಕೆ ತುಂಬಿಡುವ ಚೀಲವನ್ನೂ ಒಂದೇ ಹೆಸರಿಂದ ಕರೆದರೆ ನಮ್ಮ ಮಂಡಿಯಲ್ಲಿ ಒಪ್ಪುತ್ತಾರಾ?

ಹಾಗೆ ನೋಡಿದರೆ 'ಮೂತ್ರಜನಕಾಂಗ'ವೂ ನನಗೆ ಪೂರ್ತಿ ಒಪ್ಪಿಗೆಯಲ್ಲ. ಕಿಡ್ನಿ ಅಂದರೆ ಮೂತ್ರ ಮಾಡುವ ಯಂತ್ರ ಅಷ್ಟೇ ಅಂತ ಅದು ಭಾವನೆ ಹುಟ್ಟಿಸುತ್ತದೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರಿನ ಆಸುಪಾಸು. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಬಿಪಿ ಹದದಲ್ಲಿಡುವುದು, ರಕ್ತ ತಯಾರಿಸು ಅಂತ ಮೂಳೆಮಜ್ಜೆಗೆ ಹೇಳಿ ಕಳಿಸುವುದು, ವಿಟಮಿನ್ ಡಿ ಕೆಲಸಕ್ಕೆ ಬರುವಂತೆ ಮಾಡುವುದು, ಎಲ್ಲ ಅದರದೇ ಕೆಲಸ. ಮೂತ್ರ ಅಲ್ಲಿ ಉಳಿಕೆ ಮಾಲು. 'ಮೂತ್ರ ಸರಿಯಾಗೇ ಆಗ್ತಿದೆ, ಕಿಡ್ನಿ ಹೇಗೆ ಕೆಡುತ್ತೆ?' ಅಂತ ಕೇಳುವವರು ಊರಿಗೆ ಹತ್ತು ಜನ ಇದ್ದಾರೆ. ಆ ತಪ್ಪಿನಲ್ಲಿ ಪದಕ್ಕೂ ಒಂದು ಪಾಲಿದೆ.

ಈಗ ಇಂಗ್ಲಿಷ್ ಹೆಸರಿಗೆ ಬರೋಣ. ನೆಫ್ರಾಲಜಿಯಲ್ಲಿರುವ 'ನೆಫ್ರೋಸ್' ಗ್ರೀಕ್ ಪದ, ಕಿಡ್ನಿ ಅಂತ ಅರ್ಥ. ಕಿಡ್ನಿಯೊಳಗಿನ ಸೋಸುವ ಘಟಕಕ್ಕೆ ನೆಫ್ರಾನ್ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ಒಂದೊಂದು ಕಿಡ್ನಿಯಲ್ಲಿ ಹತ್ತಿರ ಹತ್ತಿರ 10 ಲಕ್ಷ ನೆಫ್ರಾನ್ ಇರುತ್ತವೆ. ರಿಪೋರ್ಟುಗಳಲ್ಲಿ ಕಾಣುವ 'ರೀನಲ್' ಲ್ಯಾಟಿನ್ನಿನ 'ರೆನ್'ನಿಂದ ಬಂದದ್ದು, ಅದಕ್ಕೂ ಕಿಡ್ನಿ ಅಂತಲೇ ಅರ್ಥ. ಅದಕ್ಕೇ ಇಂಗ್ಲೆಂಡಿನಲ್ಲಿ ಇದೇ ಡಾಕ್ಟರನ್ನು ರೀನಲ್ ಫಿಸಿಷಿಯನ್ ಅಂತಲೂ ಕರೆಯುತ್ತಾರೆ. ಬೇರೆ ಯಾರೋ ಅಂತ ಗಾಬರಿಯಾಗಬೇಕಿಲ್ಲ. ಒಡವೆ ಅಂಗಡಿಯಲ್ಲಿ ಸಿಗುವ ಹಸಿರು ಜೇಡ್ ಕಲ್ಲಿದೆಯಲ್ಲ, ಅದರ ಒಂದು ಬಗೆಗೆ ನೆಫ್ರೈಟ್ ಅಂತ ಹೆಸರು. ಹಿಂದೆ ಯುರೋಪಿನವರು ಆ ಕಲ್ಲನ್ನು ಪಕ್ಕೆಗೆ ಕಟ್ಟಿಕೊಂಡರೆ ಕಿಡ್ನಿ ನೋವು ಹೋಗುತ್ತದೆ ಅಂತ ನಂಬಿದ್ದರು. 'ಜೇಡ್' ಪದವೂ 'ಪಕ್ಕೆಯ ಕಲ್ಲು' ಅನ್ನುವ ಸ್ಪ್ಯಾನಿಷ್ ಮಾತಿನಿಂದಲೇ ಹುಟ್ಟಿದ್ದು. ವಿಷಯಕ್ಕೆ ಇದು ಬೇಕಿಲ್ಲ, ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಮೂತ್ರದ ದಾರಿಯ ಸರ್ಜರಿ ನೋಡುವ ಯುರಾಲಜಿಯ ಮೂಲ 'ಊರಾನ್', ಅಂದರೆ ಮೂತ್ರ. ನ್ಯೂರಾಲಜಿಯದು 'ನ್ಯೂರಾನ್', ಅಂದರೆ ನರ. ನೆಫ್ರೋ, ಯೂರೋ, ನ್ಯೂರೋ: ಕಿಡ್ನಿ, ಮೂತ್ರ, ನರ. ಕೇಳಲು ಅಣ್ಣತಮ್ಮಂದಿರ ಹಾಗಿವೆ, ಸಂಬಂಧ ಮಾತ್ರ ದೂರದ್ದು. ಇದರಿಂದ ಆಗುವ ಪಜೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮಾವನಿಗೆ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಏರಿತ್ತು. ಊರಿನ ಡಾಕ್ಟರು ನೆಫ್ರೋಗೆ ತೋರಿಸಿ ಅಂದರು. ಮಾವ ಒಬ್ಬರೇ ಬಸ್ಸು ಹತ್ತಿ ಪೇಟೆಯ ಒಂದು ಆಸ್ಪತ್ರೆಗೆ ಹೋದರು. ಕೌಂಟರಿನವರ ಕಿವಿಗೆ ಅದು ನ್ಯೂರೋ ಅಂತ ಬಿತ್ತು. ಎರಡು ತಾಸು ಕೂತ ಮೇಲೆ ಒಳಗೆ ಕರೆದರು. ಡಾಕ್ಟರು ಸುತ್ತಿಗೆಯಲ್ಲಿ ಮಂಡಿ ತಟ್ಟಿ, ಕಾಲು ಜುಮ್ಮೆನ್ನುತ್ತಾ ಅಂತ ಕೇಳಿದರಂತೆ. ರಾತ್ರಿ ಫೋನಿನಲ್ಲಿ ಮಾವ, 'ಒಳ್ಳೇ ಕಥೆ ಮಾರಾಯಾ, ಕಿಡ್ನಿ ನೋಡ್ಲಿಕ್ಕೆ ಮಂಡಿ ಯಾಕೆ ಕುಟ್ಟಬೇಕು?' ಅಂದರು.

ಅವರಿಗೆ ನೆನಪಿರಲಿ ಅಂತ ನಾನೊಂದು ಸೂತ್ರ ಮಾಡಿಕೊಟ್ಟೆ. ನಾಗರಹಾವು ನ್ಯೂರೋ, ಕೊಳಕುಮಂಡಲ ನೆಫ್ರೋ. ನಾಗರಹಾವಿನ ವಿಷ ನರಕ್ಕೆ ಏರುತ್ತದೆ, ರೆಪ್ಪೆ ಇಳಿಬೀಳುತ್ತದೆ, ಉಸಿರು ಕಟ್ಟುತ್ತದೆ. ಕೊಳಕುಮಂಡಲದ ವಿಷ ರಕ್ತ ಕೆಡಿಸುತ್ತದೆ, ಎಷ್ಟೋ ಸಲ ಕಿಡ್ನಿ ನಿಂತುಹೋಗಿ, ಯಂತ್ರದಿಂದ ರಕ್ತ ಸೋಸುವ ಡಯಾಲಿಸಿಸ್ ಬೇಕಾಗುತ್ತದೆ. ಕಚ್ಚಿದ ತಕ್ಷಣ ಬೇಕಾದದ್ದು ಹತ್ತಿರದ ಆಸ್ಪತ್ರೆ ಮತ್ತು ವಿಷಕ್ಕೆ ಕೊಡುವ ಇಂಜೆಕ್ಷನ್. ತಜ್ಞರ ಮಾತೆಲ್ಲ ಆಮೇಲೆ. ಸೂತ್ರ ಇರುವುದು ಪದ ನೆನಪಿಟ್ಟುಕೊಳ್ಳಲು ಮಾತ್ರ.

ಮಲೆನಾಡಿನಲ್ಲಿ ನೆಫ್ರಾಲಜಿಸ್ಟ್ ಕೈಗೆ ಬರುವ ಕೇಸುಗಳಿಗೆ ನಮ್ಮ ತೋಟ-ಗದ್ದೆಯ ವಾಸನೆ ಇರುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಗದ್ದೆಗಿಳಿದವರಿಗೆ ಬರುವ ಇಲಿ ಜ್ವರ ಜೋರಾದರೆ ಕಿಡ್ನಿಗೂ ಲಿವರಿಗೂ ಹೊಡೆತ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವ ಮೈಲುತುತ್ತ ಹೊಟ್ಟೆ ಸೇರಿದರೂ ಅಷ್ಟೇ. ಇವೆಲ್ಲ ದಿಢೀರ್ ಬರುವಂಥವು, ಸರಿಯಾಗಿ ನೋಡಿದರೆ ಕಿಡ್ನಿ ಎಷ್ಟೋ ಸಲ ಮತ್ತೆ ಚೇತರಿಸಿಕೊಳ್ಳುತ್ತದೆ. ಸದ್ದಿಲ್ಲದೆ ವರ್ಷಗಟ್ಟಲೆ ಕೆಡಿಸುವವು ಬೇರೆ, ಸಕ್ಕರೆ ಕಾಯಿಲೆ ಮತ್ತು ಬಿಪಿ. ಅವಕ್ಕೆ ಮಲೆನಾಡು, ಬಯಲುಸೀಮೆ ಅನ್ನುವ ಭೇದ ಇಲ್ಲ.

ಹಾಗಾದರೆ ನೆಫ್ರಾಲಜಿಸ್ಟ್ ಯಾರು? ಕಿಡ್ನಿ ನೋಡುವ ಡಾಕ್ಟರು ಅಂದರೆ ಅರ್ಧ ಉತ್ತರ, ಯಾಕೆಂದರೆ ಯುರಾಲಜಿಸ್ಟ್ ಕೂಡ ಕಿಡ್ನಿ ನೋಡುತ್ತಾರೆ. ವ್ಯತ್ಯಾಸ ಇರುವುದು ಅವರು ನಡೆದು ಬಂದ ದಾರಿಯಲ್ಲಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಹೌಸ್‌ಸರ್ಜನ್ ಆಗಿ ಒಂದು ವರ್ಷ. ಇಲ್ಲಿವರೆಗೆ ಎಲ್ಲರೂ ಒಟ್ಟಿಗೆ. ಆಮೇಲೆ ದಾರಿ ಕವಲೊಡೆಯುತ್ತದೆ. ಒಬ್ಬರು ಮೂರು ವರ್ಷ ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡುತ್ತಾರೆ. ಮತ್ತೆ ಸೂಪರ್ ಸ್ಪೆಷಾಲಿಟಿ ಪ್ರವೇಶಕ್ಕೆ ನೀಟ್-ಎಸ್‌ಎಸ್ ಪರೀಕ್ಷೆ ಬರೆದು ಇನ್ನೂ ಮೂರು ವರ್ಷ ಡಿಎಂ ನೆಫ್ರಾಲಜಿ ಓದುತ್ತಾರೆ. ಇನ್ನೊಬ್ಬರು ಸರ್ಜರಿಯಲ್ಲಿ ಎಂಎಸ್ ಮಾಡಿ, ಆಮೇಲೆ ಎಂಸಿಎಚ್ ಯುರಾಲಜಿಗೆ ಹೋಗುತ್ತಾರೆ. ಮೊದಲನೆಯವರು ಕತ್ತರಿ ಹಿಡಿಯದ ಫಿಸಿಷಿಯನ್, ಎರಡನೆಯವರು ಸರ್ಜನ್. ಮಕ್ಕಳ ವಿಭಾಗದಲ್ಲಿ ಎಂಡಿ ಮಾಡಿದವರೂ ನೆಫ್ರಾಲಜಿಗೆ ಬರಬಹುದು. ಡಿಎಂಗೆ ಸಮನಾದ ಡಿಆರ್‌ಎನ್‌ಬಿ ಅನ್ನುವ ಪದವಿಯೂ ಇದೆ. ಲೆಕ್ಕ ಹಾಕಿ, ಎಲ್ಲೂ ನಿಲ್ಲದೆ ಓದಿದರೂ ಹನ್ನೊಂದೂವರೆ ವರ್ಷ. ಪಿಯುಸಿ ಮುಗಿಸಿ ಹೊರಟ ಹುಡುಗಿ ಬೋರ್ಡು ಹಾಕುವಾಗ ವಯಸ್ಸು ಮೂವತ್ತರ ಹತ್ತಿರ.

ಆ ಕೊನೆಯ ಮೂರು ವರ್ಷದಲ್ಲಿ ಕಲಿಯುವುದೇನು? ಡಯಾಲಿಸಿಸ್ ಯಾರಿಗೆ ಬೇಕು, ಯಾವಾಗ ಬೇಕು, ಯಾರಿಗೆ ಬೇಡ. ಈ 'ಯಾರಿಗೆ ಬೇಡ' ಅನ್ನುವುದು ಕಷ್ಟದ ಪಾಠ. ಕತ್ತಿನ ದೊಡ್ಡ ರಕ್ತನಾಳಕ್ಕೆ ಡಯಾಲಿಸಿಸ್ ಕೊಳವೆ ಹಾಕುವುದು. ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಮಧ್ಯರಾತ್ರಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಹಂತಕ್ಕೆ ಬಂದವರನ್ನು ಉಳಿಸಿಕೊಳ್ಳುವುದು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ವರ್ಷಾನುಗಟ್ಟಲೆ ಮಾತ್ರೆ ಹೊಂದಿಸುವುದು. ಕಸಿಯ ಆಪರೇಷನ್ ಮಾತ್ರ ಯುರಾಲಜಿಸ್ಟ್ ಅಥವಾ ಕಸಿ ಸರ್ಜನ್ ಕೆಲಸ. ಅದರ ಹಿಂದಿನದೂ ಮುಂದಿನದೂ ನೆಫ್ರಾಲಜಿಸ್ಟ್ ಪಾಲಿಗೆ. 'ನಮ್ಮ ಕಿಡ್ನಿ ಆಪರೇಷನ್ ಮಾಡಿದ ನೆಫ್ರಾಲಜಿಸ್ಟ್' ಅಂತ ಯಾರಾದರೂ ಅಂದರೆ ನನ್ನ ಕಿವಿ ನೆಟ್ಟಗಾಗುವುದು ಇದಕ್ಕೇ.

ಈಗ ಆ ಅರ್ಧ ತಪ್ಪು. ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ಪೂರ್ತಿ ಯುರಾಲಜಿಗೆ ಸೇರಿದ್ದು, ಅದರಲ್ಲಿ ಚರ್ಚೆಯೇ ಇಲ್ಲ. ಕಲ್ಲು ಒಡೆಯುವುದು, ತೆಗೆಯುವುದು ಕೂಡ ಅವರದೇ ಕೆಲಸ. ಆದರೆ ಬಾಳೆದಿಂಡಿನ ಪಲ್ಯ, ಬಾರ್ಲಿ ನೀರು ಎಲ್ಲ ಆದಮೇಲೂ ಮತ್ತೆ ಮತ್ತೆ ಕಲ್ಲು ಯಾಕೆ ಆಗುತ್ತಿದೆ ಅಂತ ಹುಡುಕುವುದು ನೆಫ್ರಾಲಜಿಗೂ ಸೇರುತ್ತದೆ. ಅದಕ್ಕೇ ಅರ್ಧ ಅಂಕ ಬಿಟ್ಟೆ. ನಮ್ಮ ಮಾವ ಇದನ್ನು ಅರ್ಥ ಮಾಡಿಕೊಂಡದ್ದು ಗುಡ್ಡದಿಂದ ಪೈಪಿನಲ್ಲಿ ಮನೆಗೆ ಬರುವ ಅವರ ಅಬ್ಬಿ ನೀರಿನ ಲೆಕ್ಕದಲ್ಲಿ. 'ಪೈಪಿಗೆ ಬೇರು ಕಟ್ಟಿದ್ರೆ ಒಬ್ರು, ಗುಡ್ಡದ ಒರತೆಯೇ ಕೆಟ್ರೆ ಇನ್ನೊಬ್ರು, ಅಲ್ವಾ?' ಹೌದು ಮಾವ. ಪೈಪು ಕಟ್ಟಿ ಬಹಳ ದಿನ ಬಿಟ್ಟರೆ ಒರತೆಯೂ ಕೆಡುತ್ತದೆ, ಆಗ ಇಬ್ಬರೂ ಬೇಕು.

ಗೊಂದಲಕ್ಕೆ ಸರ್ಕಾರದ ಕೊಡುಗೆಯೂ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸಂಸ್ಥೆಯ ಹೆಸರೇ ನೆಫ್ರೋ-ಯುರಾಲಜಿ ಸಂಸ್ಥೆ. ಅದು ಎರಡು ವಿಭಾಗ ಒಂದೇ ಸೂರಿನಡಿ ಇರುವುದಕ್ಕೆ ಇಟ್ಟ ಹೆಸರು, ತಪ್ಪೇನಿಲ್ಲ. ಆದರೆ ನಡುವಿನ ಆ ಸಣ್ಣ ಗೀಟನ್ನು ಜನ ಓದುವುದಿಲ್ಲ. 'ನೆಫ್ರೋಯುರಾಲಜಿ ಡಾಕ್ಟರು' ಅಂತ ಒಬ್ಬರನ್ನೇ ಹುಡುಕುತ್ತಾರೆ.

'ಡಿಎಂ' ಅನ್ನುವುದೂ ಸುಮ್ನೆ ಬಿಡುವ ಪದವಲ್ಲ. ರೋಗಿಯ ಫೈಲಿನಲ್ಲಿ ಡಿಎಂ ಅಂದರೆ ಸಕ್ಕರೆ ಕಾಯಿಲೆ. ಡಾಕ್ಟರ ಬೋರ್ಡಿನಲ್ಲಿ ಡಿಎಂ ಅಂದರೆ ಡಾಕ್ಟರೇಟ್ ಆಫ್ ಮೆಡಿಸಿನ್. ಮಾವ ಎರಡನ್ನೂ ನೋಡಿ, 'ಪಾಪ, ಅವರಿಗೂ ಶುಗರ್ ಉಂಟಾ?' ಅಂತ ಕೇಳಿದ್ದರು. ಅವರನ್ನು ದೂರಲಾರೆ. ಡಿಎಂ ಅಂದ ತಕ್ಷಣ ಪಿಎಚ್‌ಡಿ ಅಂದುಕೊಳ್ಳುವ ಓದಿದವರನ್ನು ದೂರುತ್ತೇನೆ.

ಈ ತಜ್ಞತೆಗೆ ಬಹಳ ವಯಸ್ಸೂ ಆಗಿಲ್ಲ. ಕಿಡ್ನಿಯ ಉರಿಯೂತಕ್ಕೆ ಹೇಳುವ 'ನೆಫ್ರೈಟಿಸ್' ಪುರಾತನ ಗ್ರೀಕರ ಕಾಲದ್ದು, ಆದರೆ ಕಿಡ್ನಿಗಾಗಿಯೇ ಒಬ್ಬ ಫಿಸಿಷಿಯನ್ ಬೇಕು ಅನ್ನಿಸಿದ್ದು ಯಂತ್ರ ಬಂದಮೇಲೆ. ನೆದರ್ಲೆಂಡ್ಸ್‌ನ ವಿಲ್ಲೆಮ್ ಕೋಲ್ಫ್ ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಸಾಸೇಜ್ ಸುತ್ತುವ ಸೆಲೋಫೇನ್ ಕೊಳವೆ ಬಳಸಿ ಡಯಾಲಿಸಿಸ್ ಯಂತ್ರ ಕಟ್ಟಿದ. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅವಳಿ ಸೋದರರ ನಡುವೆ ಮೊದಲ ಯಶಸ್ವಿ ಕಸಿ ನಡೆಯಿತು. 1960ರಲ್ಲಿ ಅಂತರರಾಷ್ಟ್ರೀಯ ನೆಫ್ರಾಲಜಿ ಸೊಸೈಟಿ ಹುಟ್ಟಿದಾಗ ಆ ಪದ ಗಟ್ಟಿಯಾಗಿ ಚಾಲ್ತಿಗೆ ಬಂತು. ಅದರ ಮೊದಲ ಅಧ್ಯಕ್ಷ ಫ್ರಾನ್ಸಿನ ಜ್ಯಾನ್ ಹ್ಯಾಂಬರ್ಗರ್. ನಮ್ಮಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಯಶಸ್ವಿ ಕಸಿ ಆದದ್ದು 1971ರಲ್ಲಿ. ಈ ವಿಭಾಗವನ್ನು ದೇಶದಲ್ಲಿ ಬೆಳೆಸಿದವರಲ್ಲಿ ಚಂಡೀಗಢದ ಡಾ. ಕೆ. ಎಸ್. ಚುಘ್ ಅವರ ಹೆಸರು ಮೊದಲು ಬರುತ್ತದೆ.

ಡಯಾಲಿಸಿಸ್ ಯಂತ್ರ ನಡೆಸುವವರೆಲ್ಲ ನೆಫ್ರಾಲಜಿಸ್ಟ್ ಅನ್ನುವುದು ಇನ್ನೊಂದು. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು, ರೋಗಿಯ ಪಕ್ಕ ನಿಜಕ್ಕೂ ಇರುವವರು ಟೆಕ್ನಿಷಿಯನ್. ಅವರದು ಡಯಾಲಿಸಿಸ್ ಟೆಕ್ನಾಲಜಿಯಲ್ಲಿ ಬಿಎಸ್ಸಿ ಅಥವಾ ಡಿಪ್ಲೊಮಾ. ಕೆಲಸ ಗೊತ್ತಿರುವ ಟೆಕ್ನಿಷಿಯನ್ ಸಿಗುವುದು ಪುಣ್ಯ. ಅವರನ್ನು ಡಾಕ್ಟರೇ ಅಂತ ಕರೆದು ಅವರನ್ನೇ ಮುಜುಗರಕ್ಕೆ ಹಾಕುವುದು ಬೇಡ.

ಕೊನೆಗೆ 'ಫೆಲೋಶಿಪ್'. ಅಮೆರಿಕದಲ್ಲಿರುವ ನೆಂಟರು 'ಮಗಳು ನೆಫ್ರಾಲಜಿ ಫೆಲೋಶಿಪ್ ಮಾಡ್ತಿದಾಳೆ' ಅಂದರೆ ಅದು ನಮ್ಮ ಡಿಎಂ ಜಾಗದಲ್ಲಿ ಇರುವ ತರಬೇತಿ. ಅಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮೂರು ವರ್ಷ, ಅದರ ಮೇಲೆ ಫೆಲೋಶಿಪ್ ಎರಡು ವರ್ಷ. ಫೆಲೋಶಿಪ್ ಇಲ್ಲದೆ ಅಲ್ಲಿ ನೆಫ್ರಾಲಜಿಸ್ಟ್ ಆಗುವುದಿಲ್ಲ. ನಮ್ಮಲ್ಲಿ ಅದೇ ಪದಕ್ಕೆ ಬೇರೆ ಬೆಲೆ. ಡಿಎಂ ಮುಗಿಸಿದವರು ಕಸಿಯ ಬಗ್ಗೆ ಹೆಚ್ಚು ಕಲಿಯಲು ಮಾಡುವ ಫೆಲೋಶಿಪ್ ಇದೆ, ಅದು ಡಿಎಂ ಮೇಲಿನದು. ಡಿಎಂ ಮಾಡದವರು ವರ್ಷದ ಮಟ್ಟಿಗೆ ಮಾಡುವ ಫೆಲೋಶಿಪ್ಪೂ ಇದೆ, ಅದು ಡಿಎಂ ಕೆಳಗಿನದು. ಬೋರ್ಡಿನಲ್ಲಿ ಎರಡೂ ಒಂದೇ ಪದ, ಒಂದೇ ಅಕ್ಷರದ ಗಾತ್ರ. ಹಾಗಾಗಿ ನಾನು ಹೆಸರಿನ ಮುಂದೆ ಮೊದಲು ಹುಡುಕುವುದು ಡಿಎಂ ಅಥವಾ ಡಿಆರ್‌ಎನ್‌ಬಿ, ಅದರ ಪಕ್ಕದಲ್ಲಿ ನೆಫ್ರಾಲಜಿ ಅಂತ ಇದೆಯಾ ಅನ್ನುವುದು. ಕರಪತ್ರದ ಡಾಕ್ಟರ ಹೆಸರಿನ ಮುಂದೆ ಇದ್ದದ್ದು ಎಂಸಿಎಚ್ ಯುರಾಲಜಿ. ಅಂದರೆ ಅವರು ಯುರಾಲಜಿಸ್ಟ್. ಕಲ್ಲಿಗೂ ಪ್ರಾಸ್ಟೇಟಿಗೂ ಸರಿಯಾದ ಡಾಕ್ಟರೇ ಬರುತ್ತಿದ್ದರು, ಹೆಸರು ಮಾತ್ರ ಬೇರೆಯವರದು ಹಾಕಿದ್ದರು.